ಬೀಳದ ಕಾಯಿ

ಆಕಾಶ ಒಂದು ಕಾಲಕ್ಕೆ ನೀಲಿಯಾಗಿತ್ತು ಎಂದು ಯಾರಾದರೂ ಹೇಳಿದರೆ ಹುಬ್ಬಳ್ಳಿಯ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅಜ್ಜಂದಿರ ಅಜ್ಜಂದಿರು ಹಾಗೆ ಹೇಳುತ್ತಿದ್ದರಂತೆ. ಅವರ ಕಾಲದಲ್ಲಿ ತೆಂಕಣ ಸಮುದ್ರದ ಬೆಂಕಿಗುಡ್ಡಗಳು ಒಂದರ ಬೆನ್ನಿಗೆ ಒಂದು ಸಿಡಿದವು. ಬೂದಿ ಮೇಲೇರಿತು, ಏರಿದ್ದು ಇಳಿಯಲೇ ಇಲ್ಲ. ಹಿಟ್ಟಿಗಿಂತ ನುಣುಪಾದ ಆ ಕಣಗಳಿಗೆ ವಿದ್ಯುತ್ತಿನ ಆವೇಶ ಹತ್ತಿ, ಒಂದನ್ನೊಂದು ದೂರ ತಳ್ಳುತ್ತ ಮೇಲೆಯೇ ತೇಲಿ ನಿಂತವು. ಅದೇ ಆವೇಶ ನೆಲದ ಮೇಲೆ ಉದ್ದನೆಯ ತಂತಿ ಕಂಡಲ್ಲೆಲ್ಲ ಕಿಡಿಯಾಗಿ ಇಳಿದು ಸುಟ್ಟಿತು. ಟೆಲಿಗ್ರಾಫ್ ಸತ್ತಿತು. ಆಗತಾನೇ ಕಣ್ಣು ಬಿಡುತ್ತಿದ್ದ ವಿದ್ಯುತ್ ಯಂತ್ರಗಳು ಮತ್ತೆ ಏಳಲಿಲ್ಲ. ಬ್ರಿಟಿಷರು ಹಡಗು ಹತ್ತಿ ತಮ್ಮ ದೇಶಕ್ಕೆ ಹೋದರು. ಹೋಗಿ ಮುಟ್ಟಿದರೋ ಇಲ್ಲವೋ ಎಂದು ತಿಳಿಸಲು ತಂತಿಯೇ ಇರಲಿಲ್ಲ. ಅವರು ಬಿಟ್ಟುಹೋದದ್ದು ಹಳಿ, ಉಗಿಬಂಡಿ ಮತ್ತು ಹುಬ್ಬಳ್ಳಿಯ ಕಾರ್ಖಾನೆ.

ಹೀಗೆ ಲೋಕ ಉಗಿಯ ಮೇಲೆ ನಿಂತಿತು. ಬಿಸಿಲು ಬಡವಾದ ಮೇಲೆ ಬಯಲಿನಲ್ಲಿ ಜೋಳ ಬೆಳೆಯಲಿಲ್ಲ. ಊರೂರಿಗೆ ಗಾಜಿನ ಮಾಡಿನ ಕಾವುಮನೆಗಳು ಎದ್ದವು. ಅವುಗಳ ಕೊಳವೆಯಲ್ಲಿ ಉಗಿ ಹರಿದರೆ ರೊಟ್ಟಿ, ನಿಂತರೆ ಉಪವಾಸ. ಚಳಿಗಾಲದಲ್ಲಿ ಜನ ಮಲಗುವುದೂ ಅಲ್ಲಿಯೇ, ಜೋಳದ ಸಾಲುಗಳ ನಡುವೆ. ಇಷ್ಟಕ್ಕೂ ಬೇಕಾದ ಕಲ್ಲಿದ್ದಲು ಗೋದಾವರಿ ಕಡೆಯಿಂದ ಬರುತ್ತಿತ್ತು, ಅದೂ ಎಲ್ಲರಿಗೂ ಸಾಲುವಷ್ಟಲ್ಲ. ಯಾವ ಊರಿಗೆ ಎಷ್ಟು ಎಂದು ಹಂಚುವ ಕೆಲಸ ಹುಬ್ಬಳ್ಳಿಯ ಕಾವು ಮಂಡಳಿಯದು. ಅಂಥ ಕೆಲಸ ಮಾಡಿದವರಿಗೆ ಒಳ್ಳೆಯ ಹೆಸರು ಬರುವುದುಂಟೆ?

ಮಹಾನಂದಾ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು. ಮಂಡಳಿಯ ಮುಖ್ಯಸ್ಥ ಗಲಗಲಿ ರಾಯರು ಅವಳನ್ನು ಕರೆಸಿ ಒಂದು ಆಟ ಕಟ್ಟಿಕೊಡಲು ಕೇಳಿದರು.

"ಹೊಸಾ ಹುಡುಗರು ಬರ್ತಾರ, ಮಹಾನಂದಾಬಾಯಿ. ಕೂಡಿಸೂದು ಕಳಿಯೂದು ಛಲೋ ಬರ್ತದ ಅವರಿಗೆ. ಒಂದು ವ್ಯಾಗನ್ ಕಳದ್ರ ಊರಾಗ ಏನಾಗ್ತದ ಅನ್ನೂದು ಗೊತ್ತಿಲ್ಲ. ಆಟದೊಳಗ ನಾಕು ಊರು ಸಾಯಿಸಿ ಕಲೀಲಿ. ಹೊರಗ ಸಾಯಿಸೂದು ಕಮ್ಮಿ ಆದೀತು" ಎಂದರು ರಾಯರು.

ಕಾರ್ಖಾನೆಯಲ್ಲಿ ಹಿಂದೆ ಬಂಡಿಗಳಿಗೆ ಬಣ್ಣ ಬಳಿಯುತ್ತಿದ್ದ ದೊಡ್ಡ ಶೆಡ್ಡಿನಲ್ಲಿ ಅವಳ ಆಟದ ಪಟ ಎದ್ದಿತು. ತಗಡು ಬಡಿದು ಮಾಡಿದ ಬಯಲುಸೀಮೆ, ಹಿತ್ತಾಳೆಯ ಹಳಿ, ಒಂದೊಂದು ಊರಿಗೆ ಅರಗಿನ ಬಣ್ಣದ ಒಂದೊಂದು ಮರದ ಕಾಯಿ. ಕಾಯಿಯ ಅಡಿಯಲ್ಲಿ ಹಲ್ಲಿನ ಚಕ್ರ. ಉಗಿಯಂತ್ರ ಚಕ್ರವನ್ನು ಮುಂದಕ್ಕೆ ತಿರುಗಿಸುತ್ತದೆ, ಅದು ಚಳಿ. ಹಿತ್ತಾಳೆಯ ಕಾಲುವೆಯಲ್ಲಿ ಕರಿ ಗೋಲಿ ಉರುಳಿ ಬಂದರೆ ಚಕ್ರ ಹಿಂದಕ್ಕೆ ಸರಿಯುತ್ತದೆ, ಅದು ಕಲ್ಲಿದ್ದಲು. ಕೊನೆಯ ಹಲ್ಲು ತಲುಪಿದರೆ ಕಾಯಿ ತನ್ನ ಕೆಳಗಿನ ತೂತಿನೊಳಗೆ ಬೀಳುತ್ತದೆ; ಊರು ಮುಗಿಯಿತು. ಯಾವ ಊರಿನ ಗಾಜು ಒಡೆದಿದೆ, ಯಾವ ಊರಿನಲ್ಲಿ ಕೂಸುಗಳು ಹೆಚ್ಚು, ಯಾವ ಊರು ಪಕ್ಕದೂರಿಗೆ ಒಂದು ಹಿಡಿ ಜೋಳವನ್ನೂ ಕೊಡುವುದಿಲ್ಲ, ಎಲ್ಲವನ್ನೂ ಅವಳು ಹಲ್ಲುಗಳ ಅಳತೆಯಲ್ಲಿ ಕೂರಿಸಿದಳು. ಊಟದ ಹೊತ್ತಿನಲ್ಲೂ ಅದೇ ಧ್ಯಾನ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಅವಳ ಹೆಗ್ಗಣಕ್ಕೆ ಹಿತ್ತಾಳೆಯ ಹಲ್ಲುಗಳಿದ್ದವು.

ನಿಯಮಗಳನ್ನು ಅವಳು ಚೌಕಾಬಾರಾದಿಂದ ತಂದಳು, ಎಲ್ಲರಿಗೂ ಬರುವ ಆಟವೆಂದು. ಅಲ್ಲಿ ಕಡಿದ ಕಾಯಿ ತನ್ನ ಮನೆಗೆ ಮರಳುತ್ತದೆ. ಇಲ್ಲಿಯೂ, ಒಂದು ಊರನ್ನು ಉಳಿಸಲಾಗದು ಎಂದು ಕಂಡರೆ ಬೀಳುವ ಮೊದಲೇ ಅದನ್ನು ಕಡಿದು, ಖಾಲಿ ಗಾಡಿ ಕಳಿಸಿ ಜನರನ್ನು ಹುಬ್ಬಳ್ಳಿಗೆ ಕರೆತರಬೇಕು. ತಾನಾಗಿ ಬಿದ್ದ ಕಾಯಿಗೆ ಗಾಡಿ ಇಲ್ಲ, ಏಕೆಂದರೆ ಅಲ್ಲಿ ಹತ್ತುವವರು ಯಾರೂ ಉಳಿದಿರುವುದಿಲ್ಲ. ಇನ್ನು ಚೌಕಾಬಾರಾದಲ್ಲಿ ಅಡ್ಡಗೀಟು ಹಾಕಿದ ಮನೆಯನ್ನು ಕಟ್ಟೆ ಎನ್ನುತ್ತಾರಷ್ಟೆ. ಕಟ್ಟೆಯ ಮೇಲೆ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ನೆಲದಿಂದಲೇ ಬಿಸಿನೀರು ಉಕ್ಕುವ ಎರಡು ಊರುಗಳಿಗೆ ಅವಳು ಕಟ್ಟೆ ಕೊಟ್ಟಳು. ತಗಡಿನ ಮೇಲೆ ಅಡ್ಡಗೀಟು ಕೆತ್ತಿ, ಕಾಯಿ ಬೀಳದ ಹಾಗೆ ಅಡಿಯಲ್ಲಿ ಉಕ್ಕಿನ ಮೊಳೆ ಹೊಡೆಸಿದಳು. ತಮ್ಮ ತಮ್ಮ ಊರಿನ ಕಾಯಿಯನ್ನು ಮುಟ್ಟುವುದಿಲ್ಲವೆಂದು ಶೆಡ್ಡಿನವರೆಲ್ಲ ಆಣೆ ಮಾಡಿದರು.

ಅವಳ ತವರು ಸಾಸಲವಾಡ, ಗದಗಿನಿಂದ ಒಡೆದು ಹೋಗುವ ಕವಲು ಹಳಿಯ ಕಟ್ಟಕಡೆಯ ಊರು. ಅಲ್ಲಿ ಅಕ್ಕ ಕಲ್ಲವ್ವ ಇದ್ದಳು. ತಾಯಿ ಸತ್ತ ಮೇಲೆ ಮಹಾನಂದಾಳ ತಲೆ ಬಾಚಿ, ರೊಟ್ಟಿ ಕಟ್ಟಿ, ಶಾಲೆಗೆ ಕಳಿಸಿ ದೊಡ್ಡವಳನ್ನಾಗಿ ಮಾಡಿದವಳು. ಕಲಿಯಲು ಬಂದ ಅಧಿಕಾರಿಗಳಿಗೆ ಕಡಿಯಲು ಸಾಸಲವಾಡ ಬಹಳ ಸಲೀಸು. ಸಣ್ಣದು, ದೂರದ್ದು, ಕೇಳುವವರಿಲ್ಲದ್ದು. ಪ್ರತಿ ಆಟದಲ್ಲೂ ಅದೇ ಮೊದಲು ಹೋಗುತ್ತಿತ್ತು. ಒಂದು ದಿನ ಒಬ್ಬ ಅಧಿಕಾರಿ ಕಾಯಿ ಎತ್ತಿ ಪಕ್ಕಕ್ಕೆ ಒಗೆದು, "ಸಾಸಲವಾಡ ಹೋತು, ಚಹಾ ತರಸ್ರಿ" ಎಂದ. ಎಲ್ಲರೂ ನಕ್ಕರು. ಮಹಾನಂದಾ ಒಗೆದ ಕಾಯಿಯನ್ನು ಎತ್ತಿ ಅದರ ಜಾಗಕ್ಕೆ ಇಟ್ಟಳು. ಅವರೆಲ್ಲ ಚಹಾಕ್ಕೆ ಹೋದಾಗ ಅವಳು ಉಳಿ ತೆಗೆದುಕೊಂಡು ಸಾಸಲವಾಡಕ್ಕೊಂದು ಅಡ್ಡಗೀಟು ಕೆತ್ತಿದಳು, ಪಟದ ಅಡಿಗೆ ತೂರಿ ಮೊಳೆಯನ್ನೂ ಹೊಡೆದಳು. ಆಟವೇ ತಾನೆ, ಇದರಿಂದ ಯಾರ ಗಂಟು ಹೋಗುತ್ತದೆ? ಯಾರೂ ಕೇಳಲೂ ಇಲ್ಲ.

ಆಮೇಲೆ ಆ ಕೆಟ್ಟ ಚಳಿಗಾಲ ಬಂತು. ಅಧಿಕಾರಿಗಳು ತಮ್ಮ ತಮ್ಮ ಬೀಗರ ಊರಿಗೆ ಗಾಡಿ ತಿರುಗಿಸಿದರು. ಉಳಿದ ಊರುಗಳಲ್ಲಿ ಹೆಣ ಎತ್ತುವವರೂ ಇಲ್ಲದಂತಾಯಿತು. ರಾಯರು ಅತ್ತರು ಎಂದು ಹೇಳುತ್ತಾರೆ. ಅತ್ತು ಮುಗಿಸಿ ಅವರು ಒಂದು ತೀರ್ಮಾನಕ್ಕೆ ಬಂದರು: ಇನ್ನು ಮನುಷ್ಯರು ಹಂಚುವುದು ಬೇಡ, ಪಟ ಹಂಚಲಿ. ಪಟಕ್ಕೆ ಬೀಗರಿಲ್ಲ. ಅಂದಿನಿಂದ ಯಂತ್ರ ತನ್ನೊಡನೆ ತಾನೇ ಆಡತೊಡಗಿತು. ಗೋಲಿಗಳನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ಹರಿಸಿ ನೋಡಿ, ಯಾವ ಹಂಚಿಕೆಯಲ್ಲಿ ಚಳಿಗಾಲದ ಕೊನೆಗೆ ಹೆಚ್ಚು ಕಾಯಿಗಳು ನಿಂತಿರುತ್ತವೆಯೋ ಅದನ್ನು ಆರಿಸುತ್ತಿತ್ತು. ಅದರಂತೆಯೇ ನಿಜವಾದ ಗಾಡಿಗಳು ಹೊರಡುತ್ತಿದ್ದವು. ಎರಡು ಚಳಿಗಾಲ ಹೀಗೆ ಹೋದವು, ಜಗಳ ನಿಂತಿತು, ಊರುಗಳು ಉಳಿದವು. ಎರಡರಲ್ಲೂ ಕಲ್ಲಿದ್ದಲು ಧಾರಾಳವಾಗಿ ಬಂದು, ಮಿಕ್ಕ ಗೋಲಿಗಳು ಎಲ್ಲ ಕಾಲುವೆಗೂ ಇಳಿದಿದ್ದವು ಎಂಬುದು ಬೇರೆ ಮಾತು. ಮೂರನೆಯ ಚಳಿಗಾಲಕ್ಕೆ ಗೋದಾವರಿ ಕಡೆಯ ಒಂದು ಗಣಿಯಲ್ಲಿ ನೀರು ತುಂಬಿತು.

ಮಹಾನಂದಾಳ ಗಂಡ ಗುರುಪಾದ ಉಗಿಬಂಡಿಯ ಚಾಲಕ. ಬೂದಿಬಣ್ಣದ ಒಂದು ಮಧ್ಯಾಹ್ನ ಅವನು ಬಳ್ಳಾರಿ ಕಡೆಯ ಕೆಲಸ ಮುಗಿಸಿ ಬಂದು ಊಟಕ್ಕೆ ಕೂತ. ಮಹಾನಂದಾ ಕೊಳವೆಯ ಮೇಲಿಟ್ಟು ಬಿಸಿ ಮಾಡಿದ ರೊಟ್ಟಿ, ಝುಣಕ ಬಡಿಸಿದಳು. ಅವನು ತುತ್ತು ಮುರಿದು ಹಾಗೆಯೇ ಹಿಡಿದುಕೊಂಡ.

"ಗದಗದ ಕೂಡುದಾರಿಯಾಗ ಸಾಸಲವಾಡದ ಹಳಿ ನೋಡಿದೆ. ಕೆಂಪಗಾಗ್ಯಾವ."

"ಕೆಂಪಗ ಅಂದ್ರ?"

"ತುಕ್ಕು. ಗಾಲಿ ಓಡಾಡೋ ಹಳಿ ಬೆಳ್ಳಿಯಂಗ ಹೊಳೀತಾವ. ಈ ಚಳಿಗಾಲದಾಗ ಆ ಹಳಿ ಮ್ಯಾಲ ಒಂದು ಗಾಲಿನೂ ಉರುಳಿಲ್ಲ, ನಂದಾ."

"ಏನರ ಮಾತಾಡಬ್ಯಾಡ್ರಿ" ಎಂದಳು ಅವಳು. "ನಿನ್ನೆ ನೋಡೀನಿ. ಸಾಸಲವಾಡದ ಕಾಯಿ ಗಟ್ಟಿಯಾಗಿ ನಿಂತೈತಿ. ದಿನಾ ನೋಡತೀನಿ."

ಅವನು ತುತ್ತನ್ನು ತಾಟಿಗೆ ಮರಳಿಸಿದ. ಆಗ ಅವಳಿಗೆ ತನ್ನ ಮಾತೇ ತನಗೆ ಕೇಳಿಸಿತು. ದಿನವೂ ನೋಡುತ್ತಿದ್ದಳು, ನಿಜ. ಬೆಳಗ್ಗೆ ಶೆಡ್ಡಿಗೆ ಹೋದೊಡನೆ ಮೊದಲು ಆ ಕಾಯಿಯತ್ತ ಕಣ್ಣು ಹಾಯಿಸಿ, ಅಕ್ಕ ಬೆಚ್ಚಗಿದ್ದಾಳೆ ಎಂದು ಸಮಾಧಾನಪಟ್ಟು ಕೆಲಸಕ್ಕೆ ಕೂರುತ್ತಿದ್ದಳು. ಗಾಡಿ ಹೋಗದ ಊರಿನಿಂದ ಸುದ್ದಿಯೂ ಬರುವುದಿಲ್ಲ ಎಂಬುದು ಹೊಳೆದಿರಲಿಲ್ಲ. ಬೀಳದ ಹಾಗೆ ತಾನೇ ಮೊಳೆ ಹೊಡೆದ ಕಾಯಿ ನಿಂತಿದ್ದರೆ ಅದರಲ್ಲಿ ಏನು ಹೆಚ್ಚುಗಾರಿಕೆ? ಅವಳು ಕೈ ತೊಳೆಯದೆ ಎದ್ದು ಶೆಡ್ಡಿನತ್ತ ನಡೆದಳು. ಗುರುಪಾದ ಊಟ ಬಿಟ್ಟು ಹಿಂದೆಯೇ ಹೋದ.

ಪಟ ಮುಂದಿನ ವಾರದ ಹಂಚಿಕೆ ಆಡುತ್ತಿತ್ತು. ಫಿಟ್ಟರ್ ಇಮಾಮಸಾಬ ಎಣ್ಣೆಯ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದ. ಅವಳು ಯಂತ್ರವನ್ನು ನಿಧಾನಿಸಲು ಹೇಳಿ ಗೋಲಿಗಳನ್ನೇ ನೋಡುತ್ತ ನಿಂತಳು. ಹುಬ್ಬಳ್ಳಿಯಿಂದ ಹೊರಟ ಕರಿ ಗೋಲಿಗಳು ಗದಗಿನ ಕೂಡುದಾರಿಗೆ ಬಂದು ಒಂದೊಂದು ಕಾಲುವೆಗೆ ಇಳಿದವು. ಸಾಸಲವಾಡದ ಕಾಲುವೆಗೆ ಒಂದೂ ಇಳಿಯಲಿಲ್ಲ. ಇನ್ನೊಂದು ಸಲ ಆಡಿಸಿದಳು. ಆಗಲೂ ಇಳಿಯಲಿಲ್ಲ.

ಯಂತ್ರದ ತಪ್ಪೇನೂ ಇರಲಿಲ್ಲ. ಹೇಗೆ ಆಡಿದರೂ ಬೀಳದ ಕಾಯಿಗೆ ಗೋಲಿ ಕೊಡುವುದು ದಂಡ ಎಂಬುದನ್ನು ಅದು ಮೊದಲ ದಿನವೇ ಕಲಿತಿತ್ತು. ಕಡಿದು ಖಾಲಿ ಗಾಡಿ ಕಳಿಸಲೂ ಕಾರಣವಿಲ್ಲ. ಕಟ್ಟೆಯ ಕಾಯಿಯನ್ನು ಕಡಿಯುವಂತಿಲ್ಲವಲ್ಲ. ಅಕ್ಕನಿಗೆ ಕಲ್ಲಿದ್ದಲೂ ಇಲ್ಲ, ಗಾಡಿಯೂ ಇಲ್ಲ. ಎರಡನ್ನೂ ತಪ್ಪಿಸಿದ್ದು ತಂಗಿಯ ಮೊಳೆ.

ಅವಳು ಲಾಟೀನು ಹಿಡಿದು ಪಟದ ಅಡಿಗೆ ತೂರಿದಳು. ಸಾಸಲವಾಡದ ಚಕ್ರ ಕೊನೆಯ ಹಲ್ಲಿಗೆ ಬಂದು ಮೊಳೆಯನ್ನು ಒತ್ತುತ್ತ ನಿಂತಿತ್ತು. ಒತ್ತಿ ಒತ್ತಿ ಹಲ್ಲು ಸವೆದು ಹಿತ್ತಾಳೆಯ ಪುಡಿ ಕೆಳಗೆ ಉದುರಿತ್ತು. ಅವಳು ಲಾಟೀನನ್ನು ಆಚೆ ಸರಿಸಿದಳು. ಪಕ್ಕದ ಚಕ್ರಕ್ಕೂ ಒಂದು ಮೊಳೆ. ಅದರಾಚೆ ಇನ್ನೊಂದು. ತಾನು ಕಟ್ಟೆ ಕೊಟ್ಟಿದ್ದು ಎರಡೇ ಊರಿಗೆ, ಕದ್ದು ಕೊಟ್ಟದ್ದು ಒಂದಕ್ಕೆ. ಇಲ್ಲಿ ನೋಡಿದರೆ ಬೆಳಕು ಹರಿದಲ್ಲೆಲ್ಲ ಮೊಳೆ. ಕೆಲವು ತುಕ್ಕು ಹಿಡಿದವು, ಕೆಲವು ಹೊಚ್ಚ ಹೊಸವು.

"ಇಮಾಮಸಾಬ, ಇವೆಲ್ಲಾ ಯಾರು ಹೊಡದ್ರು?"

ಇಮಾಮಸಾಬ ಬಾಗಿ ನೋಡಿದ. ಅವನ ಮುಖ ಸಪ್ಪಗಾಯಿತು. "ಎಲ್ಲಾ ಗೊತ್ತಿಲ್ರೀ ಅಕ್ಕೋರ. ಒಂದು ನಂದು. ನಮ್ಮ ಅಣ್ಣ ಅದಾನ್ರೀ ಆ ಊರಾಗ. ಬೀಳೂದು ನೋಡಾಕ ಆಗಲಿಲ್ಲ."

ಇದೇ ಶೆಡ್ಡಿನಲ್ಲಿ ಆಣೆ ಮಾಡಿದವರೆಲ್ಲ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮವರ ಊರಿಗೆ ಕಟ್ಟೆ ಕೊಟ್ಟುಕೊಂಡಿದ್ದರು. ಮೇಲೆ ಅಡ್ಡಗೀಟುಗಳು ಕಣ್ಣಿಗೆ ರಾಚುವಂತೆ ಇದ್ದರೂ ಯಾರೂ ಬಾಯಿ ಬಿಟ್ಟಿರಲಿಲ್ಲ. ಇಷ್ಟೇಕೆ ಎಂದು ಕೇಳಿದವನು ತನ್ನದನ್ನೂ ತೋರಿಸಬೇಕಾಗುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಅದೂ ಹೊಲದ ಮೇಲಿನ ಪ್ರೀತಿಗೆ.

ಸುದ್ದಿ ತಿಳಿದು ಗಲಗಲಿ ರಾಯರು ಶಾಲು ಹೊದ್ದು ಬಂದರು. ಮಹಾನಂದಾ ಎಲ್ಲವನ್ನೂ ಹೇಳಿದಳು, ತನ್ನದನ್ನು ಮೊದಲು.

"ಸಿಟ್ಟು ಮಾಡೂದು ಆಮ್ಯಾಲ ಮಾಡ್ರಿ, ರಾಯರ. ಈಗ ಮೊಳಿ ಕಿತ್ತರ ಪಟ ನಮ್ಮೂರನ್ನ ಕಡೀತೈತಿ. ಕಡೀಲಿ. ಖಾಲಿ ಗಾಡಿಯಾದ್ರೂ ಹೋಗತೈತಿ. ನಮ್ಮಕ್ಕ ಇಲ್ಲಿಗೆ ಬರತಾಳ."

ಅವಳು ಚಿಮಟ ಹಿಡಿದು ಮೊಳೆಯನ್ನು ಜಗ್ಗಿದಳು. ಬಿಗಿದಿತ್ತು, ಗುರುಪಾದ ಕೈ ಕೂಡಿಸಿದ. ಮೊಳೆ ಈಚೆ ಬಂತು.

ಪಟಕ್ಕೆ ಕಡಿಯಲು ಹೊತ್ತೇ ಸಿಗಲಿಲ್ಲ. ಕಾಯಿ ಆ ಕ್ಷಣವೇ ತೂತಿನೊಳಗೆ ಬಿದ್ದು ಕೆಳಗಿನ ಹಲಗೆಗೆ ಟಕ್ಕೆಂದು ಬಡಿಯಿತು. ಚಕ್ರ ಇಷ್ಟು ದಿನವೂ ಪ್ರಾಮಾಣಿಕವಾಗಿಯೇ ತಿರುಗಿತ್ತು, ಮೊಳೆ ಅದರ ಬಾಯಿ ಕಟ್ಟಿತ್ತು ಅಷ್ಟೆ. ಪಟದ ಲೆಕ್ಕದಲ್ಲಿ ಸಾಸಲವಾಡ ಮುಗಿದು ಎಷ್ಟೋ ದಿನಗಳಾಗಿದ್ದವು. ತಾನಾಗಿ ಬಿದ್ದ ಕಾಯಿಗೆ ಗಾಡಿ ಇಲ್ಲ. ಆ ನಿಯಮವನ್ನು ಬರೆದವಳೂ ಅವಳೇ.

ಮಹಾನಂದಾ ಕಾಯಿಯನ್ನು ಎತ್ತಿ ಎದೆಗೆ ಅವಚಿಕೊಂಡಳು. ಬಾಯಲ್ಲಿ "ಅಕ್ಕಾ" ಎಂಬುದೊಂದೇ. ಗುರುಪಾದ ಅವಳ ಭುಜ ಹಿಡಿದು, ರಾಯರ ಕಡೆ ತಿರುಗಿದ.

"ಪಟ ಹೇಳತೈತಿ, ಖರೆ. ನಾ ಕಣ್ಣಾರೆ ನೋಡಿಲ್ರಿ. ನಂಗ ಗಾಡಿ ಕೊಡ್ರಿ."

ರಾಯರು ಪಟದ ಇನ್ನೊಂದು ಮೂಲೆಗೆ ನಡೆದರು. ಕೆಂಪಲಗೇರಿಯ ಕಾಯಿಯ ಬಳಿ ಬಗ್ಗಿ, ಅಡಿಗೆ ಕೈ ಹಾಕಿ ಮೊಳೆಯೊಂದನ್ನು ಹಿಡಿದುಕೊಂಡರು. ಅವರ ಮಗಳನ್ನು ಕೊಟ್ಟಿದ್ದು ಆ ಊರಿಗೆ.

"ನನ್ನ ಕಡಿಂದ ಕೀಳಲಿಕ್ಕೆ ಆಗೂದಿಲ್ಲ" ಎಂದರು. "ಕಾಯಿ ಇನ್ನೂ ನಿಂತದ ನೋಡ್ರಿ."

"ನಿಂತಿಲ್ಲ ರಾಯರ, ನೇತಾಡಾಕತ್ತೈತಿ!" ಮಹಾನಂದಾ ಚೀರಿದಳು. ಆ ಶೆಡ್ಡಿನಲ್ಲಿ ರಾಯರ ಎದುರು ಯಾರೂ ಹಾಗೆ ದನಿ ಎತ್ತಿರಲಿಲ್ಲ.

ರಾಯರು ಮೊಳೆಯಿಂದ ಕೈ ತೆಗೆದರು. ಯಂತ್ರದ ಉಗಿ ಮುಚ್ಚಲು ಇಮಾಮಸಾಬನಿಗೆ ಸನ್ನೆ ಮಾಡಿದರು. ಗೋಲಿಗಳ ಸದ್ದು ನಿಂತಿತು. "ಇನ್ನ ಪಟಕ್ಕ ಕೇಳೂದು ಬ್ಯಾಡ. ಮೊಳಿ ಇದ್ದ ಊರಿಗೆಲ್ಲಾ ಗಾಡಿ ಕಳಸ್ರಿ."

"ಕಲ್ಲಿದ್ದಲು ಎಲ್ಲಿಂದ ತರೂದ್ರಿ?" ಎಂದ ಇಮಾಮಸಾಬ.

"ಮೊಳಿ ಇಲ್ಲದ ಊರಿಂದ."

ಅಂದರೆ ಇಷ್ಟು ದಿನ ನ್ಯಾಯವಾಗಿ ನಿಂತಿದ್ದ ಊರುಗಳಿಂದ. ಹಂಚಿಕೆ ಮತ್ತೆ ಮನುಷ್ಯರ ಕೈಗೆ, ಅಳುವ ಮನುಷ್ಯರ ಕೈಗೆ ಬಂದಿತ್ತು. ಅದು ಸರಿಯೋ ತಪ್ಪೋ ಯೋಚಿಸುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ. ಹೊರಡುವಾಗ ರಾಯರು ಗಂಡಹೆಂಡಿರಿಬ್ಬರನ್ನೂ ಪಕ್ಕಕ್ಕೆ ಕರೆದು, "ಊರಾಗ ಯಾರರ ಕೇಳಿದ್ರ ಇಂಜಿನ್ ಕೆಟ್ಟಿತ್ತು ಅನ್ರಿ. ಪಟದ ಮ್ಯಾಲಿನ ನಂಬಿಗಿ ಹೋದ್ರ ಊರು ಊರು ಬಡದಾಡತಾವ" ಎಂದರು. ಮಹಾನಂದಾ ಆಗಲೆಂದು ತಲೆಯಾಡಿಸಿದಳು.

ಗುರುಪಾದ ಹತ್ತು ಖಾಲಿ ಡಬ್ಬಿ, ಎರಡು ಕಲ್ಲಿದ್ದಲಿನ ವ್ಯಾಗನ್ ಕಟ್ಟಿಕೊಂಡು ಹೊರಟ. ಮಹಾನಂದಾ ಇಂಜಿನ್ನಿನಲ್ಲೇ, ಒಲೆಯ ಬಾಯಿಯ ಪಕ್ಕದಲ್ಲಿ ನಿಂತಳು. ಗದಗ ದಾಟಿ ಕವಲಿಗೆ ತಿರುಗಿದಾಗ ಗಾಲಿಯ ದನಿಯೇ ಬದಲಾಯಿತು. ತುಕ್ಕು ಒರೆಸಿಕೊಂಡು ಹೋಗುವ ಗರಗರ ಸದ್ದು. ಬಯಲಿನಲ್ಲಿ ಹಿಮ ಎರೆಮಣ್ಣನ್ನು ಬೂದಿಬಣ್ಣ ಮಾಡಿತ್ತು. ಸಾಸಲವಾಡದ ದೊಡ್ಡ ಹೊಗೆಕೊಳವೆ ಕಾಣಿಸಿತು. ಹೊಗೆ ಇರಲಿಲ್ಲ.

ಗುರುಪಾದ ಸಿಳ್ಳೆ ಊದಿದ. ಉದ್ದಕ್ಕೆ ಊದಿದ, ನಿಲ್ಲಿಸದೆ. ಆಗ ಊರಂಚಿನ ಸಣ್ಣ ಕಾವುಮನೆಯೊಂದರ ಬಾಗಿಲು ತೆರೆಯಿತು. ಒಡೆದ ಗಾಜುಗಳಿಗೆಲ್ಲ ಕೌದಿ ತುರುಕಿ, ಮಗ್ಗ, ತೊಲೆ, ಬಾಗಿಲು ಸುಟ್ಟುಕೊಂಡು ಉಳಿದವರೆಲ್ಲ ಅದರೊಳಗೆ ಸೇರಿದ್ದರು. ಮೊದಲು ಹೊರಬಂದವಳು ಕಲ್ಲವ್ವ. ಸೊರಗಿ ಹಂಚಿಕಡ್ಡಿಯಾಗಿದ್ದಳು. ನಡೆಯುವುದನ್ನು ನೋಡಿಯೇ ಮಹಾನಂದಾ ಗುರುತು ಹಿಡಿದಳು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಾರಿ ಓಡಿದಳು. ಬದುಕಿದ್ದಾಳೆ, ಪಟ ಸುಳ್ಳು, ಅಕ್ಕ ಬದುಕಿದ್ದಾಳೆ! ಅವಳಿಗೆ ಆ ಗಳಿಗೆಯಲ್ಲಿ ಆದ ಸಂತೋಷಕ್ಕೆ ನಾಚಿಕೆಯೂ ಇರಲಿಲ್ಲ.

ಕಲ್ಲವ್ವ ತಂಗಿಯ ಮುಖವನ್ನು ಎರಡೂ ಕೈಯಿಂದ ಸವರಿ ನೆಟಿಗೆ ತೆಗೆದಳು. ಬೆರಳುಗಳು ಮರಗಟ್ಟಿದ್ದವು.

"ಬಂದ್ಯಾ, ನಂದಾ. ನಾ ಹೇಳಿದ್ದೆ ಇವರಿಗೆಲ್ಲಾ. ನನ್ನ ತಂಗಿ ಬಂದ ಬರತಾಳ ಅಂತ."

ಹಿಂದಿನಿಂದ ಜನ ಒಬ್ಬೊಬ್ಬರಾಗಿ ಬಂದರು. ಬರುವುದು ಬೇಗ ಮುಗಿದುಹೋಯಿತು. ಮಹಾನಂದಾ ಬಾಗಿಲಿನತ್ತಲೇ ನೋಡುತ್ತಿದ್ದಳು. "ಉಳದವ್ರು ಎಲ್ಲಿ, ಅಕ್ಕಾ? ಚೆನ್ನಿ ಎಲ್ಲಿ?" ಚೆನ್ನಿ ಕಲ್ಲವ್ವನ ಒಬ್ಬಳೇ ಮಗಳು.

ಕಲ್ಲವ್ವ ಕಾವುಮನೆಯ ಹಿಂದಿನ ಎರೆಹೊಲದ ಕಡೆ ಕೈ ತೋರಿಸಿದಳು. ಅಲ್ಲಿ ಹೊಸದಾಗಿ ಅಗೆದ ಮಣ್ಣಿನ ಗುಡ್ಡೆಗಳು ಸಾಲಾಗಿದ್ದವು.

"ಚಳಿ ಹಿಡಿಯೋ ಮುಂದ ಅರ್ಧ ಊರು ಗಂಟು ಕಟ್ಟಿತ್ತವ್ವ. ಹಳಿ ಹಿಡದು ಗದಗಕ್ಕ ನಡದು ಹೋಗತೀವಿ ಅಂದ್ರು. ನಾ ಹೋಗಿ ಹಳಿ ಮ್ಯಾಲ ಅಡ್ಡ ನಿಂತೆ. ಹುಚ್ಚರೇನು ನೀವು, ಪಟ ಮಾಡಿದಾಕಿ ನನ್ನ ತಂಗಿ, ನಾ ಬೆಳಸಿದಾಕಿ, ಆಕಿ ಇರೂತನ ನಮ್ಮೂರು ಆರೂದಿಲ್ಲ ಅಂದೆ. ಎಲ್ಲಾರೂ ತಿರುಗಿ ಬಂದ್ರು. ಚೆನ್ನಿನೂ ಗಂಡನ ಜೋಡಿ ಹೊಂಟು ನಿಂತಿದ್ಲು. ಆಕಿನ್ನೂ ನಾನೇ ತಡದೆ." ಅವಳು ಉಸಿರು ಎಳೆದುಕೊಂಡಳು. "ಯಾಕ ಇಷ್ಟು ತಡಾ ಆತು, ನಂದಾ?"

"ಇಂಜಿನ್ ಕೆಟ್ಟಿತ್ರಿ, ಅಕ್ಕಾರ" ಎಂದ ಗುರುಪಾದ ಥಟ್ಟನೆ.

ಕಲ್ಲವ್ವ ತಲೆದೂಗಿದಳು. ಅವಳಿಗೆ ಆ ಉತ್ತರ ಸಾಕಾಗಿತ್ತು. ಮಹಾನಂದಾಳಿಗೆ ಸಾಕಾಗಲಿಲ್ಲ. ಸುಳ್ಳು ಹೇಳಿದರೆ ಅಕ್ಕ ತನ್ನವಳಾಗಿಯೇ ಉಳಿಯುತ್ತಾಳೆ, ಆದರೆ ಚೆನ್ನಿಯನ್ನು ತಡೆದ ತಪ್ಪನ್ನು ಒಬ್ಬಳೇ ಹೊತ್ತು ಸಾಯುತ್ತಾಳೆ.

"ಇಂಜಿನ್ ಕೆಟ್ಟಿರಲಿಲ್ಲ, ಅಕ್ಕಾ" ಎಂದಳು.

ಅಡ್ಡಗೀಟು, ಮೊಳೆ, ಇಳಿಯದ ಗೋಲಿ, ದಿನಾ ಬೆಳಗ್ಗೆ ನೋಡಿ ಸಮಾಧಾನಪಟ್ಟದ್ದು, ಎಲ್ಲವನ್ನೂ ಹೇಳಿದಳು. ಸುತ್ತ ನಿಂತ ಜನರೂ ಕೇಳಿಸಿಕೊಂಡರು. ಹೇಳುತ್ತಾ ಹೇಳುತ್ತಾ ಅಳು ಬಂತು; ಅಳುತ್ತಲೇ ಹೇಳಿದಳು. "ನೀ ಬೀಳೂದು ನನ್ನ ಕಡಿಂದ ನೋಡಾಕ ಆಗಲಿಲ್ಲ, ಅಕ್ಕಾ."

ಮುಗಿದ ಮೇಲೆ ಕಲ್ಲವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಎಲ್ಲಾರಂಗ ನಮ್ಮನ್ನೂ ಬೀಳಾಕ ಬಿಡಬೇಕಿತ್ತವ್ವ. ಬೀಳಾಕತ್ತವರನ್ನ ಎತ್ತಾಕ ಯಾರರ ಬರತಿದ್ರು."

ಗುರುಪಾದ ಜನರನ್ನು ಡಬ್ಬಿಗಳಿಗೆ ಹತ್ತಿಸಿದ. ಮುದುಕರನ್ನು, ಕೂಸುಗಳನ್ನು ಕಲ್ಲವ್ವನೇ ಕೈ ಕೊಟ್ಟು ಏರಿಸಿದಳು, ಎಲ್ಲರೂ ಹತ್ತುವವರೆಗೆ ಕೆಳಗೇ ನಿಂತಿದ್ದಳು. ಮಹಾನಂದಾ ಮೊದಲ ಡಬ್ಬಿಯ ಬಾಗಿಲಲ್ಲಿ ನಿಂತು ಅಕ್ಕನಿಗಾಗಿ ಕೈ ಚಾಚಿದಳು. ಕಲ್ಲವ್ವ ಆ ಕೈಯನ್ನು ನೋಡಿದಳು. ಆಮೇಲೆ ಗಾಡಿಯ ಉದ್ದಕ್ಕೂ ನಡೆದು ಹೋಗಿ, ಕಬ್ಬಿಣದ ಹಿಡಿ ಹಿಡಿದುಕೊಂಡು, ಕೊನೆಯ ಡಬ್ಬಿ ಹತ್ತಿದಳು.